ಕಾಣದ ಅನಿಲಕ್ಕೆ ಕಾವಲಿರುವ ಲೆಕ್ಕ

ಹಂಪಿಯ ತುರ್ತಾ ಕಾಲುವೆಯ ದಂಡೆಯಲ್ಲಿ ನಿಂತರೆ ನೀರು ಎಷ್ಟಿದೆ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. ಕೊಳವೆಯೊಳಗಿನ ನೈಸರ್ಗಿಕ ಅನಿಲ ಹಾಗಲ್ಲ. ಕಾಣುವುದಿಲ್ಲ, ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ.

ದಾಭೋಲ್‌ನಿಂದ ಬೆಳಗಾವಿ, ಧಾರವಾಡ, ಗದಗ ಹಾದು ಬೆಂಗಳೂರಿಗೆ ಬರುವ, ಗೇಲ್ ಕಂಪನಿಯ ಅನಿಲ ಕೊಳವೆಮಾರ್ಗ ಶುರುವಾದದ್ದು 2013ರಲ್ಲಿ. ಉದ್ದ ಸುಮಾರು 1,000 ಕಿ.ಮೀ. ಇಂಥ ಮಾರ್ಗಗಳನ್ನು ಕಾಯುವ ವಿದ್ಯೆ ನನಗೆ ಬಲು ಮೆಚ್ಚು. ದಾರಿಯುದ್ದಕ್ಕೂ ಇರುವ ಮಾಪಕಗಳು ಒತ್ತಡ, ಉಷ್ಣತೆ, ಹರಿವಿನ ಅಂಕಿಗಳನ್ನು ಕ್ಷಣಕ್ಷಣಕ್ಕೂ ನಿಯಂತ್ರಣ ಕೊಠಡಿಗೆ ಕಳಿಸುತ್ತವೆ. ಅಲ್ಲಿನ ಕಂಪ್ಯೂಟರಿನಲ್ಲಿ ಅದೇ ಕೊಳವೆಯ ಗಣಿತರೂಪವೊಂದು ಜೊತೆಜೊತೆಗೇ ಓಡುತ್ತಿರುತ್ತದೆ. ಲೆಕ್ಕಕ್ಕೂ ಅಳತೆಗೂ ತಾಳೆಯಾಗದಿದ್ದರೆ ಸೋರಿಕೆಯ ಅನುಮಾನ. ಕೊಳವೆ ಒಡೆದರಂತೂ ಒತ್ತಡ ಕುಸಿದ ಅಲೆ ಎರಡೂ ಕಡೆಗೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಸಾಗುತ್ತದೆ. ಆಚೀಚಿನ ಎರಡು ಮಾಪಕಗಳನ್ನು ಅದು ಮುಟ್ಟಿದ ಹೊತ್ತಿನ ವ್ಯತ್ಯಾಸ ಹಿಡಿದರೆ ಸಾಕು, ಒಡೆದ ಜಾಗ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ನೆಲ ಅಗೆಯದೆ, ಕೂತಲ್ಲೇ! ಎಂಥ ಚೆಂದದ ಲೆಕ್ಕ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್‌ನ ಸರಪಳಿ ತುಂಡಾಗಿ ನೀರು ಹರಿದುಹೋದದ್ದನ್ನು ಕಂಡ ಹೊಸಪೇಟೆ, ಕಂಪ್ಲಿಯವರಿಗೆ ಹರಿವಿನ ಅಂಕಿಯ ಬೆಲೆ ಬೇರೆಯವರು ಹೇಳಬೇಕಿಲ್ಲ. ಅನಿಲಕ್ಕೆ ಒದಗಿದ ಈ ಎಚ್ಚರ ನಮ್ಮ ಕಾಲುವೆಗಳಿಗೂ, ಕೊನೆಯಂಚಿನ ರೈತನ ತೂಬಿನವರೆಗೂ ಬರಬೇಕು.