ಅಂಕಿತ ಮತ್ತು ಗುರುತುಚೀಟಿ: ಗಣಕದ ಸಂಗೀತಭಂಡಾರದಲ್ಲಿ ದಾಸರ ಪದಗಳು

ಹಸ್ತಪ್ರತಿಯೊಂದು ದೊರೆತಾಗ ಅದರ ಕರ್ತೃ ಯಾರು, ಕಾಲ ಯಾವುದು, ಪಾಠ ಶುದ್ಧವಾಗಿದೆಯೇ ಎಂಬುದನ್ನು ವಿಚಾರಿಸದೆ ವಿದ್ವಾಂಸರು ಅದನ್ನು ಗ್ರಂಥಸೂಚಿಗೆ ಏರಿಸುವುದಿಲ್ಲ. ಹಾಡಿನ ವಿಷಯದಲ್ಲಿ ಈ ಎಚ್ಚರವು ಇನ್ನೂ ಸಾಮಾನ್ಯವಾಗಿಲ್ಲ. ದಾಸರ ಪದಗಳೂ ಶರಣರ ವಚನಗಳೂ ಅನೇಕರಿಗೆ ಮೊದಲು ಪರಿಚಿತವಾಗುವುದು ಕಿವಿಯ ಮೂಲಕವೇ. ಅವುಗಳ ಧ್ವನಿಮುದ್ರಿಕೆಗಳು ಈಗ ಗಣಕಯಂತ್ರಗಳಲ್ಲಿ ಸಾವಿರಗಟ್ಟಲೆ ಶೇಖರವಾಗಿದ್ದು, ಒಂದೊಂದಕ್ಕೂ ಹಾಡಿನ ಮೊದಲ ಮಾತು, ಹಾಡಿದವರ ಹೆಸರು ಮುಂತಾದ ವಿವರಗಳ ಗುರುತುಚೀಟಿಯೊಂದು ಅಂಟಿಕೊಂಡಿರುತ್ತದೆ. ಅಧ್ಯಾಪಕನು ಈ ಚೀಟಿಯನ್ನು ನಂಬಿ ತರಗತಿಯಲ್ಲಿ ಕರ್ತೃವಿನ ಹೆಸರನ್ನು ಹೇಳಿದನೆಂದರೆ ಚೀಟಿಯ ತಪ್ಪು ಸಾಹಿತ್ಯಚರಿತ್ರೆಯ ತಪ್ಪಾಗಿ ಪರಿಣಮಿಸುವುದು. ಆದುದರಿಂದ ಇಂತಹ ಭಂಡಾರವನ್ನು ಅಣಿಗೊಳಿಸುವ ಕೆಲಸವು ಕೇವಲ ಯಂತ್ರಕುಶಲರಿಗೆ ಬಿಡತಕ್ಕದ್ದಲ್ಲ; ಅದು ಗ್ರಂಥಸಂಪಾದನೆಯದೇ ಒಂದು ಶಾಖೆ.

ಗುರುತುಚೀಟಿಯೆಂಬುದು ಕನ್ನಡಕ್ಕೆ ಹೊಸದೂ ಅಲ್ಲ. ಪದದ ಕೊನೆಯ ಚರಣದಲ್ಲಿ ಬರುವ ಅಂಕಿತವು ಹಾಡಿನ ಹೊರಗೆ ಅಂಟಿಸಿದ ಚೀಟಿಯಲ್ಲ, ಹಾಡಿನೊಡನೆಯೇ ಹುಟ್ಟಿ ಹಾಡಿನೊಡನೆಯೇ ಸಂಚರಿಸುವ ಗುರುತು. ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಹಯವದನ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ಪುರಂದರದಾಸರು, ಕನಕದಾಸರು, ವಾದಿರಾಜರು ಕೇಳುಗನ ಮನಸ್ಸಿಗೆ ಬರುತ್ತಾರೆ. ಅಂಕಿತವು ಕರ್ತೃವನ್ನು ಮಾತ್ರವೇ ಸೂಚಿಸುವುದಿಲ್ಲ. ಶ್ರೀಪಾದರಾಜರ ರಂಗವಿಠಲ, ವಿಜಯದಾಸರ ವಿಜಯವಿಠಲ, ಗೋಪಾಲದಾಸರ ಗೋಪಾಲವಿಠಲ, ಜಗನ್ನಾಥದಾಸರ ಜಗನ್ನಾಥವಿಠಲ ಇವುಗಳಲ್ಲಿ ಉತ್ತರಪದವು ದಾಸಕೂಟದ ಸಂಬಂಧವನ್ನೂ ಪೂರ್ವಪದವು ವ್ಯಕ್ತಿಯನ್ನೂ ತಿಳಿಸುತ್ತವೆ. ದಾಸರ ಸಂಪ್ರದಾಯದಲ್ಲಿ ಅಂಕಿತವು ಗುರುವಿನಿಂದ ಬರತಕ್ಕದ್ದು. ಕವಿಯು ತನ್ನ ಇಷ್ಟದಂತೆ ಇಟ್ಟುಕೊಂಡ ಕಾವ್ಯನಾಮವಲ್ಲ. ಒಂದೇ ಮಾತಿನಲ್ಲಿ ಕರ್ತೃ, ಗುರುಪರಂಪರೆ, ಇಷ್ಟದೈವ ಮೂರೂ ಅಡಗಿರುವ ಇಂತಹ ಚೀಟಿಯನ್ನು ಯಾವ ಯಂತ್ರವೂ ಕಲ್ಪಿಸಿಲ್ಲ. ಈ ಗುರುತಿಗೆ ಜನರು ಕೊಡುವ ಬೆಲೆ ಎಷ್ಟೆಂಬುದಕ್ಕೆ ವಚನಗಳ ಕಡೆಯಿಂದ ಒಂದು ನಿದರ್ಶನ ಸಾಕು. ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವ ಎಂಬ ಅಂಕಿತಕ್ಕೆ ಬದಲಾಗಿ ಲಿಂಗದೇವ ಎಂದು ಅಚ್ಚುಮಾಡಿದ ‘ವಚನದೀಪ್ತಿ’ಯನ್ನು ರಾಜ್ಯ ಸರಕಾರವು ೧೯೯೮ರಲ್ಲಿ ನಿಷೇಧಿಸಿತು, ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಷೇಧವನ್ನು ಎತ್ತಿಹಿಡಿಯಿತು.

ಧ್ವನಿಮುದ್ರಣದ ಆರಂಭಕಾಲದಲ್ಲಿಯೂ ಗುರುತು ಹಾಡಿನ ಒಳಗೇ ಇದ್ದಿತು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿತವಾದ ಗೌಹರ್ ಜಾನ್ ಅವರ ತಟ್ಟೆಗಳಲ್ಲಿ, ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಉಚ್ಚರಿಸುವುದು ಕೇಳಿಬರುತ್ತದೆ. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆಗಳನ್ನು ಒತ್ತುವವರಿಗೆ ಗಾಯಕಿಯ ಗುರುತು ತಿಳಿಯಲೆಂದು ಹೀಗೆ ಮಾಡಿದರೆಂಬುದು ಪ್ರಚಲಿತವಾದ ವಿವರಣೆ. ಈ ಗಾಯಕಿಯು ಕೊನೆಗೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು ೧೯೩೦ರಲ್ಲಿ ಅಲ್ಲಿಯೇ ದೇಹವಿಟ್ಟರು. ದಾಸರ ಅಂಕಿತಕ್ಕೂ ಈ ಉಚ್ಚಾರಣೆಗೂ ಒಂದು ಭೇದವುಂಟು. ಅಂಕಿತವು ರಚಿಸಿದವನ ಗುರುತು, ಇದು ಹಾಡಿದವಳ ಗುರುತು. ಕರ್ತೃವೂ ಗಾಯಕನೂ ಬೇರೆ ಬೇರೆ ಎಂಬ ಈ ಭೇದವನ್ನು ಮರೆತುದೇ ಮುಂದಿನ ಗೊಂದಲಗಳಿಗೆಲ್ಲ ಮೂಲ.

೧೯೯೬ರಲ್ಲಿ ಐಡಿ-೩ ಎಂಬ ಗುರುತುಚೀಟಿಯ ಕ್ರಮವು ಬಳಕೆಗೆ ಬಂದಿತು. ಧ್ವನಿಯ ಕಡತದ ಕೊನೆಯಲ್ಲಿ ಅದಕ್ಕೆ ದೊರೆತ ಸ್ಥಳ ೧೨೮ ಬೈಟುಗಳು. ಹಾಡಿನ ಹೆಸರಿಗೆ ೩೦, ಕಲಾವಿದನಿಗೆ ೩೦, ಸಂಪುಟಕ್ಕೆ ೩೦, ವರ್ಷಕ್ಕೆ ೪, ಟಿಪ್ಪಣಿಗೆ ೩೦. ಸಂಗೀತದ ಪ್ರಕಾರವನ್ನು ೮೦ ಹೆಸರುಗಳ ಪಟ್ಟಿಯೊಂದರಿಂದ ಆರಿಸಬೇಕಾಗಿದ್ದಿತು. ಜಾಸಿಗೂ ಪೋಲ್ಕಕ್ಕೂ ಅಲ್ಲಿ ಎಡೆಯಿದ್ದಿತು, ಕೀರ್ತನೆಗೆ ಇರಲಿಲ್ಲ. ‘ಕಲಾವಿದ’ ಎಂಬ ಒಂದೇ ಮನೆಯಲ್ಲಿ ರಚಿಸಿದವನೂ ಹಾಡಿದವನೂ ಒಟ್ಟಿಗೆ ವಾಸಿಸಬೇಕಾಯಿತು. ಕನ್ನಡದ ಅಕ್ಷರಗಳಿಗಂತೂ ಆ ಕ್ರಮದಲ್ಲಿ ಅವಕಾಶವನ್ನೇ ಎಣಿಸಿರಲಿಲ್ಲ. ಎಣಿಸಿದ್ದರೂ ಫಲವೇನಾಗುತ್ತಿತ್ತೆಂಬುದನ್ನು ಲೆಕ್ಕಹಾಕಿ ನೋಡಬಹುದು. ಯೂನಿಕೋಡಿನ ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. ಮೂವತ್ತು ಬೈಟುಗಳಲ್ಲಿ ಹಿಡಿಯುವುದು ಹತ್ತು ಸಂಕೇತಗಳು ಮಾತ್ರ. ಹೆಳವನಕಟ್ಟೆ ಗಿರಿಯಮ್ಮನೆಂದು ಬರೆಯಹೊರಟರೆ ‘ಹೆಳವನಕಟ್ಟೆ’ ಎಂಬಲ್ಲಿಗೆ ಹತ್ತೂ ಮುಗಿಯುವುವು. ಊರು ಉಳಿಯುತ್ತದೆ, ಕವಯಿತ್ರಿಯು ಅಳಿಯುತ್ತಾಳೆ.

ಈ ಇಕ್ಕಟ್ಟು ಬಹುಕಾಲ ನಿಲ್ಲಲಿಲ್ಲ. ೧೯೯೮ರಲ್ಲಿ ಬಂದ ಎರಡನೆಯ ಕ್ರಮದಲ್ಲಿ ಗಾಯಕ, ಸ್ವರಕರ್ತೃ, ಸಾಹಿತ್ಯಕರ್ತೃ ಇವರಿಗೆ ಪ್ರತ್ಯೇಕವಾದ ಮನೆಗಳಿವೆ. ಸಂಗ್ರಾಹಕನು ತನಗೆ ಬೇಕಾದ ಹೊಸ ಮನೆಯನ್ನು ಕಟ್ಟಿಕೊಳ್ಳುವುದಕ್ಕೂ ಅವಕಾಶವುಂಟು. ಹೀಗಿದ್ದರೂ ‘ಕಲಾವಿದ’ ಎಂಬ ಮನೆಯನ್ನು ತುಂಬಿ ಉಳಿದವನ್ನು ಬರಿದಾಗಿ ಬಿಡುವ ರೂಢಿಯು ತಪ್ಪಲಿಲ್ಲ. ಭೀಮಸೇನ ಜೋಶಿಯವರು ಹಾಡಿದ ದಾಸವಾಣಿಯನ್ನೂ ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳನ್ನೂ ಕೆಲವರು ಗಾಯಕರ ಹೆಸರಿನಲ್ಲಿ, ಕೆಲವರು ದಾಸರ ಹಾಗೂ ಶರಣರ ಹೆಸರಿನಲ್ಲಿ ದಾಖಲು ಮಾಡಿರುವುದು ಇದರ ಪರಿಣಾಮ. ದೋಷವು ಈಗ ಯಂತ್ರದಲ್ಲಿಲ್ಲ, ಚೀಟಿ ಬರೆಯುವವನಲ್ಲಿದೆ.

ಹಾಗಾದರೆ ಅಂಕಿತವನ್ನು ಕೇಳಿ ಕರ್ತೃವಿನ ಹೆಸರನ್ನು ಬರೆದುಬಿಟ್ಟರೆ ಸಾಲದೇ ಎಂದು ಪ್ರಶ್ನಿಸಬಹುದು. ಸಾಲದು, ಇದಕ್ಕೆ ಕಾರಣಗಳು ಮೂರು. ಮೊದಲನೆಯದಾಗಿ, ಅಂಕಿತವು ಸಾಮಾನ್ಯವಾಗಿ ಕೊನೆಯ ಚರಣದಲ್ಲಿರುವುದರಿಂದ ಆ ಚರಣವನ್ನು ಬಿಟ್ಟು ಹಾಡಿದ ಮುದ್ರಿಕೆಯಲ್ಲಿ ಅದು ಕೇಳಿಬರುವುದೇ ಇಲ್ಲ. ಹಿಂದಿನ ತಟ್ಟೆಗಳ ಒಂದು ಮುಖದಲ್ಲಿ ಮೂರು ನಾಲ್ಕು ನಿಮಿಷಗಳಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲವಾದುದರಿಂದ ಚರಣಗಳನ್ನು ಕುಗ್ಗಿಸುವುದು ಅನಿವಾರ್ಯವಾಗಿದ್ದಿತು. ಎರಡನೆಯದಾಗಿ, ಕೆಲವು ಅಂಕಿತಗಳು ದೇವರ ಸಾಮಾನ್ಯನಾಮಗಳೇ ಆಗಿವೆ. ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬ ಪದವು ವ್ಯಾಸರಾಯರದೆಂದು ಪ್ರಸಿದ್ಧವಾಗಿದ್ದರೂ ಪುರಂದರದಾಸರದೆಂದು ಬರೆದ ಚೀಟಿಗಳೂ ಉಂಟು. ವ್ಯಾಸರಾಯರ ಅಂಕಿತ ಶ್ರೀಕೃಷ್ಣ. ಕೃಷ್ಣನನ್ನೇ ಕರೆಯುವ ಪದದಲ್ಲಿ ಆ ಹೆಸರು ಸಂಬೋಧನೆಯೋ ಮುದ್ರೆಯೋ ಎಂಬುದನ್ನು ಕಿವಿಯೊಂದೇ ನಿರ್ಣಯಿಸಲಾರದು, ಅಕ್ಷರಗಳನ್ನು ಹೋಲಿಸಿ ಹುಡುಕುವ ಯಂತ್ರವಂತೂ ಸರ್ವಥಾ ನಿರ್ಣಯಿಸಲಾರದು. ಮೂರನೆಯದಾಗಿ, ದೊಡ್ಡ ಹೆಸರು ಚಿಕ್ಕ ಹೆಸರುಗಳನ್ನು ನುಂಗುವುದು ಎಲ್ಲ ಸಾಹಿತ್ಯಗಳಲ್ಲಿಯೂ ಕಂಡುಬರುವ ಸಂಗತಿ. ಪುರಂದರದಾಸರು ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರ ಪದಗಳನ್ನು ರಚಿಸಿದರೆಂದು ಸಂಪ್ರದಾಯವು ಹೇಳುತ್ತದೆ. ದೊರೆತಿರುವುದು ಅದರ ಅಲ್ಪಾಂಶ. ಅಷ್ಟು ವಿಶಾಲವಾದ ಮನೆಯೊಳಕ್ಕೆ ಅನ್ಯರ ಪದಗಳು ನುಗ್ಗುವುದು ಸುಲಭ. ಆದುದರಿಂದ ಅಂಕಿತವು ಪ್ರಮಾಣ, ಕರ್ತೃತ್ವವು ನಿರ್ಣಯ. ಇವೆರಡನ್ನೂ ಒಂದೇ ಮನೆಯಲ್ಲಿ ಬರೆಯುವುದು ಸಾಕ್ಷಿಯ ಹೇಳಿಕೆಯನ್ನೇ ತೀರ್ಪೆಂದು ದಾಖಲುಮಾಡಿದಂತೆ.

ರಾಗದ ವಿಷಯವು ಇದಕ್ಕಿಂತ ಸೂಕ್ಷ್ಮ. ೨೦೦೦ದಿಂದ ಬೆಳೆದುಬಂದ ಮ್ಯೂಸಿಕ್‌ಬ್ರೈನ್ಸ್ ಎಂಬ ಸಾರ್ವಜನಿಕ ಸೂಚಿಯಲ್ಲಿ ಕೃತಿ, ಅದರ ಧ್ವನಿಮುದ್ರಣ, ಮುದ್ರಣದ ಪ್ರಕಟನೆ ಎಂಬ ಮೂರು ಅಂತಸ್ತುಗಳನ್ನು ಬೇರ್ಪಡಿಸಿರುವುದು ಶ್ಲಾಘ್ಯವಾದುದು. ಬಾರ್ಸಿಲೋನದ ಪೊಂಪೆಯು ಫಾಬ್ರ ವಿಶ್ವವಿದ್ಯಾನಿಲಯದಲ್ಲಿ ೨೦೧೧ರಲ್ಲಿ ತೊಡಗಿದ ಕಾಂಪ್‌ಮ್ಯೂಸಿಕ್ ಎಂಬ ಸಂಶೋಧನೆಯು ಕರ್ನಾಟಕ ಸಂಗೀತದ ಅಧ್ಯಯನಕ್ಕೆ ಈ ಸೂಚಿಯನ್ನು ಆಧಾರವಾಗಿ ಬಳಸಿಕೊಂಡಿತು. ಅಲ್ಲಿ ಕರ್ನಾಟಕ ಸಂಗೀತದ ರಾಗತಾಳಗಳನ್ನು ಕೃತಿಯ ಲಕ್ಷಣಗಳಾಗಿ ಎಣಿಸಿದ್ದಾರೆ. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳಿಗೆ ಇದು ಸಮಂಜಸವಾದುದು. ಅವರು ಅನೇಕ ಕೃತಿಗಳ ಸಾಹಿತ್ಯದಲ್ಲಿ ಗುರುಗುಹ ಎಂಬ ಮುದ್ರೆಯೊಡನೆ ರಾಗದ ಹೆಸರನ್ನೂ ಹೆಣೆದಿದ್ದಾರೆ. ದಾಸರ ಪದಗಳ ಸ್ಥಿತಿಯು ಹಾಗಿಲ್ಲ. ಅವುಗಳ ಮೂಲದ ಧಾಟಿಗಳು ಬಹುಮಟ್ಟಿಗೆ ಉಳಿದುಬಂದಿಲ್ಲ. ಈಗ ಕೇಳುವ ಧಾಟಿಗಳಲ್ಲಿ ಹೆಚ್ಚಿನವು ಈಚಿನ ಗಾಯಕರು ಕೂಡಿಸಿದವು, ಒಂದೇ ಪದವನ್ನು ಬೇರೆ ಬೇರೆ ಗಾಯಕರು ಬೇರೆ ಬೇರೆ ರಾಗಗಳಲ್ಲಿ ಹಾಡುತ್ತಾರೆ. ಇಲ್ಲಿ ರಾಗವನ್ನು ಕೃತಿಗೆ ಅಂಟಿಸಿದರೆ ಇಪ್ಪತ್ತನೆಯ ಶತಮಾನದ ಗಾಯಕನ ಪ್ರತಿಭೆಯನ್ನು ಹದಿನಾರನೆಯ ಶತಮಾನದ ದಾಸರ ಲೆಕ್ಕಕ್ಕೆ ಬರೆದಂತಾಗುವುದು. ಇಬ್ಬರಿಗೂ ಅದು ಅನ್ಯಾಯ.

ಕರ್ನಾಟಕದಲ್ಲಿ ಈ ತೊಡಕು ಇಮ್ಮಡಿಯಾಗಿದೆ. ಧಾರವಾಡದ ಕಡೆ ಹಿಂದುಸ್ತಾನಿ ಪದ್ಧತಿಯೂ ಮೈಸೂರಿನ ಕಡೆ ಕರ್ನಾಟಕ ಪದ್ಧತಿಯೂ ನೆಲೆನಿಂತಿದ್ದು ದಾಸರ ಪದಗಳು ಎರಡರಲ್ಲಿಯೂ ಸಲ್ಲುತ್ತವೆ. ತೋಡಿ ಎಂಬ ಹೆಸರು ಎರಡು ಪದ್ಧತಿಗಳಲ್ಲಿಯೂ ಉಂಟು. ಆದರೆ ಕರ್ನಾಟಕದ ತೋಡಿಯ ಸ್ವರಗಳು ಹಿಂದುಸ್ತಾನಿಯ ಭೈರವಿಯ ಸ್ವರಗಳಿಗೆ ಹೊಂದುತ್ತವೆಯೇ ಹೊರತು ಅಲ್ಲಿಯ ತೋಡಿಗಲ್ಲ. ಪದ್ಧತಿಯನ್ನು ಹೇಳದೆ ರಾಗವನ್ನು ಮಾತ್ರ ಹೇಳುವ ಚೀಟಿಯು ತಿಳಿದವನನ್ನೂ ದಾರಿತಪ್ಪಿಸುತ್ತದೆ.

ಲಿಪಿಯ ಶುದ್ಧಿಯೂ ಉಪೇಕ್ಷಿಸತಕ್ಕದ್ದಲ್ಲ. ವಿಠಲ, ವಿಠ್ಠಲ, ವಿಟ್ಠಲ ಎಂಬ ಮೂರು ರೂಪಗಳು ಯಂತ್ರಕ್ಕೆ ಮೂವರು ದೇವರು. ಇದಕ್ಕೂ ಗೂಢವಾದುದೊಂದಿದೆ. ಗೋಪಾಲ ಎಂಬಲ್ಲಿಯ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತದಿಂದಲೂ ಬರೆಯಬಹುದು, ಬಿಡಿ ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಇವನ್ನು ಮೊದಲೇ ಸಮೀಕರಿಸದಿದ್ದರೆ ಗೋಪಾಲದಾಸರ ಪದಗಳನ್ನು ಹುಡುಕುವವನಿಗೆ ಅವುಗಳಲ್ಲಿ ಕೆಲವು ದೊರೆಯದೆ ಹೋಗುವುವು. ಮೂಲದ ರೂಪವನ್ನು ಹಾಗೆಯೇ ಕಾಪಾಡಿ, ಹುಡುಕುವುದಕ್ಕೆಂದು ಏಕರೂಪವಾದ ಇನ್ನೊಂದು ಹೆಸರನ್ನು ಜೊತೆಗಿಡುವುದು ಯುಕ್ತ. ಪಾಠಾಂತರವನ್ನು ಅಳಿಸದೆ ಅಡಿಟಿಪ್ಪಣಿಯಲ್ಲಿ ಉಳಿಸುವ ಸಂಪಾದಕನ ನೀತಿಯೇ ಇದು.

ಕೇಳಿ ಸಂತೋಷಪಡುವವನಿಗೆ ಇಷ್ಟೆಲ್ಲ ಏಕೆ, ಹಾಡು ಸಿಕ್ಕಿದರೆ ಸಾಲದೇ ಎಂಬ ಆಕ್ಷೇಪಣೆಯು ನಿರಾಧಾರವಾದುದಲ್ಲ. ಹತ್ತು ಸಾವಿರ ಮುದ್ರಿಕೆಗಳಿಗೆ ಇಪ್ಪತ್ತು ಮನೆಗಳ ಚೀಟಿಯನ್ನು ತುಂಬಹೊರಟವನು ಚೀಟಿಯನ್ನೂ ಮುಗಿಸನು, ಹಾಡನ್ನೂ ಕೇಳನು. ಆದರೆ ಅತ್ಯವಶ್ಯವಾದವು ಕೆಲವೇ. ಕೃತಿಯ ಮಟ್ಟದಲ್ಲಿ ಪಲ್ಲವಿಯ ಮೊದಲ ಮಾತು, ಅಂಕಿತ, ಕರ್ತೃವೆಂದು ಎಣಿಸಲ್ಪಟ್ಟವರ ಹೆಸರು, ಹಾಗೆ ಎಣಿಸುವುದಕ್ಕೆ ಅಂಕಿತವು ಆಧಾರವೋ ಪರಂಪರೆಯು ಆಧಾರವೋ ಎಂಬ ಒಂದು ಮಾತು; ಗಾನದ ಮಟ್ಟದಲ್ಲಿ ಗಾಯಕ, ಪದ್ಧತಿ, ರಾಗ, ತಾಳ, ಹಾಡಿದ ಚರಣಗಳು; ವಸ್ತುವಿನ ಮಟ್ಟದಲ್ಲಿ ಮುದ್ರಿಕೆಯ ಸಂಖ್ಯೆ ಮತ್ತು ವರ್ಷ. ಅಂಕಿತವು ಮುದ್ರಿಕೆಯಲ್ಲಿ ಕೇಳದಿದ್ದರೆ ‘ಕೇಳಿಸದು’ ಎಂದೇ ಬರೆಯತಕ್ಕದ್ದು. ಊಹೆಯಿಂದ ತುಂಬಿದ ಮನೆಗಿಂತ ಪ್ರಾಮಾಣಿಕವಾಗಿ ಬರಿದಾಗಿರುವ ಮನೆಯೇ ಮೇಲು.

ದಾಸರು ತಮ್ಮ ಹೆಸರನ್ನು ಮರೆಮಾಡಿ ದೇವರ ಹೆಸರನ್ನು ಪದದಲ್ಲಿ ಇಟ್ಟರು. ಬಾಯಿಂದ ಬಾಯಿಗೆ ಸಾಗಿದ ಪದಗಳಲ್ಲಿ ಆ ಹೆಸರೇ ಅವರನ್ನು ಈವರೆಗೆ ಉಳಿಸಿತು. ಮುಂದಿನ ಕೇಳುಗನಿಗೆ ಪದವು ಗಣಕದ ಭಂಡಾರದಿಂದಲೇ ದೊರೆಯುವ ಕಾಲ ಬಂದಿರುವಾಗ, ಆ ಗುರುತನ್ನು ಕೇಳಿದಂತೆಯೇ ಬರೆದಿಡುವುದು ಸಂಗ್ರಾಹಕನ ಮೊದಲ ಕರ್ತವ್ಯವಾಗಿದೆ.