‘ಮಹಾದರ್ಶನ’: ಇತಿಹಾಸದ ಓದುಗನೊಬ್ಬನ ಅಭಿಪ್ರಾಯ

ದೇವುಡು ನರಸಿಂಹಶಾಸ್ತ್ರಿಗಳ (1896–1962) ಪೌರಾಣಿಕ ಕಾದಂಬರಿತ್ರಯದಲ್ಲಿ ‘ಮಹಾಬ್ರಾಹ್ಮಣ’ವು ವಿಶ್ವಾಮಿತ್ರನ, ‘ಮಹಾಕ್ಷತ್ರಿಯ’ವು ನಹುಷನ, ‘ಮಹಾದರ್ಶನ’ವು ಯಾಜ್ಞವಲ್ಕ್ಯನ ಕಥೆ. ನಡುವಣ ಕೃತಿಗೆ 1962ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿದೆ. ಕಡೆಯ ಕೃತಿಯನ್ನು ಕುರಿತು ಇತಿಹಾಸದ ಅಧ್ಯಾಪಕನು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಈ ಬರಹಕ್ಕೆ ಕಾರಣನಾದವನು ಒಬ್ಬ ವಿದ್ಯಾರ್ಥಿ. ಸಮೀರವಾಡಿಯ ಕಬ್ಬು ಬೆಳೆಯುವ ಮನೆತನದ ಆ ಹುಡುಗನು ಪುಸ್ತಕವನ್ನು ಓದಿ ಮುಗಿಸಿ, “ಸರ್, ಜನಕರಾಜನ ಸಭಾ ಯಾವ ಇಸವಿಯೊಳಗ ಆತ್ರಿ?” ಎಂದು ಕೇಳಿದನು. ಇಸವಿಯಿಲ್ಲ, ಆದ್ದರಿಂದ ಅದು ಇತಿಹಾಸವಲ್ಲ ಎಂದು ಹೇಳಿ ನಾನು ಪಾಠವನ್ನು ಮುಂದುವರಿಸಿದೆನು. ಆ ಉತ್ತರ ಸಾಲದೆಂಬುದು ಗ್ರಂಥವನ್ನು ಮತ್ತೊಮ್ಮೆ ಓದಿದಾಗ ತಿಳಿಯಿತು.

ಇದೇ ಲೇಖಕರು ‘ಮಯೂರ’ವನ್ನು ಬರೆದಾಗ ಅವರ ಮುಂದೆ ತಾಳಗುಂದದ ಶಾಸನವಿತ್ತು. ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನಿಗೂ ಪಲ್ಲವರ ಅಶ್ವಾರೋಹಿಗೂ ಆದ ಕಲಹವನ್ನು ಆ ಕಲ್ಲೇ ಹೇಳುತ್ತದೆ. ಯಾಜ್ಞವಲ್ಕ್ಯನಿಗೆ ಅಂತಹ ಕಲ್ಲಿಲ್ಲ, ಇರುವುದು ಬೃಹದಾರಣ್ಯಕೋಪನಿಷತ್ತು. ಅದೂ ಒಂದು ಸಾಕ್ಷ್ಯವೇ ಸರಿ. ವಿದೇಹದ ಅರಸನ ಸಭೆಗೆ ಬಂದ ಕುರುಪಾಂಚಾಲರ ವಿದ್ವಾಂಸರು, ಪಣವಾಗಿ ನಿಲ್ಲಿಸಿದ ಸಾವಿರ ಗೋವುಗಳು, ಒಂದೊಂದರ ಕೊಂಬುಗಳಿಗೂ ಕಟ್ಟಿದ ಹತ್ತು ಪಾದ ಚಿನ್ನ—ಈ ವಿವರಗಳಿಂದ ಒಂದು ಘಟನೆ ಸಿದ್ಧವಾಗದಿರಬಹುದು. ಆದರೆ ಗೋಧನವೇ ಐಶ್ವರ್ಯವಾಗಿದ್ದ, ಅರಸರು ಕುಳಿತು ವಾದವನ್ನು ಆಲಿಸುತ್ತಿದ್ದ ಸಮಾಜವೊಂದು ಗೋಚರವಾಗುತ್ತದೆ. ಇಸವಿಯಿಲ್ಲದಿದ್ದರೂ ಅಲ್ಲಿ ಕಾಲವಿದೆ.

ಇದೇ ಸೀಮೆಯ ಮುಧೋಳದ ರನ್ನನು ಭೀಮನಲ್ಲಿ ಚಾಳುಕ್ಯ ಸತ್ಯಾಶ್ರಯನನ್ನು ಕಂಡನು. ‘ಗದಾಯುದ್ಧ’ದಿಂದ ನಾವು ತಿಳಿಯುವುದು ದ್ವಾಪರಯುಗವನ್ನಲ್ಲ, ಕವಿಯ ಕಾಲದ ಆಸ್ಥಾನದ ಮನೋಧರ್ಮವನ್ನು. ಹಾಗೆಯೇ ‘ಮಹಾದರ್ಶನ’ವೂ ತನ್ನ ಕಾಲಕ್ಕೆ ಸಾಕ್ಷಿಯಾಗಿದೆ: ಇಪ್ಪತ್ತನೆಯ ಶತಮಾನದ ಮೈಸೂರಿನ ವಿದ್ವಾಂಸರೊಬ್ಬರು ಉಪನಿಷತ್ತಿನ ವಿಚಾರವನ್ನು ಕನ್ನಡ ಗದ್ಯದಲ್ಲಿ ಸಾಮಾನ್ಯ ವಾಚಕನ ಕೈಗೆ ಒಪ್ಪಿಸಿದ ಬಗೆಯನ್ನು ಅದು ತೋರಿಸುತ್ತದೆ.

ಗುಣವನ್ನು ಹೇಳಿದಂತೆ ಕೊರತೆಯನ್ನೂ ಹೇಳಬೇಕು. ವಿಶ್ವಾಮಿತ್ರನು ಎಡವುತ್ತ ಏರುತ್ತಾನೆ. ಆದುದರಿಂದ ಓದುಗನು ಅವನೊಡನೆ ನಡೆಯುತ್ತಾನೆ. ಯಾಜ್ಞವಲ್ಕ್ಯನ ವಿಷಯದಲ್ಲಿ ಗೌರವ ಹುಟ್ಟುತ್ತದೆ. ಮುಂದೇನಾಗುವುದೋ ಎಂಬ ಆತಂಕ ಹುಟ್ಟುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಕಥೆಯ ಜೀವವಿರುವುದು ಪ್ರಶ್ನಿಸುವವರಲ್ಲಿ. ಉಪನಿಷತ್ತಿನ ಗಾರ್ಗಿಯು ಅತಿಪ್ರಶ್ನೆ ಮಾಡಬೇಡವೆಂಬ ಎಚ್ಚರಿಕೆಗೆ ಒಮ್ಮೆ ಸುಮ್ಮನಾದರೂ ಎರಡು ಪ್ರಶ್ನೆಗಳನ್ನು ಹಿಡಿದು ಮತ್ತೆ ಏಳುತ್ತಾಳೆ. ಮೈತ್ರೇಯಿಯು ಆಸ್ತಿಯ ಪಾಲನ್ನು ಒಲ್ಲದೆ ಅಮೃತತ್ವದ ದಾರಿಯನ್ನು ಕೇಳುತ್ತಾಳೆ. ಮೂರು ಗ್ರಂಥಗಳನ್ನೂ ಮುಗಿಸಿದ ಮೇಲೆ ನನ್ನ ಮನಸ್ಸಿನಲ್ಲಿ ನಿಂತವರು ಗೆದ್ದ ಋಷಿಗಿಂತ ಹೆಚ್ಚಾಗಿ ಈ ಇಬ್ಬರು.

ಆ ವಿದ್ಯಾರ್ಥಿಗೆ ಈಗ ಬೇರೆ ಉತ್ತರವನ್ನು ಕೊಡಬೇಕಾಗಿದೆ. ಸಭೆಯ ವರ್ಷ ತಿಳಿಯದು. ಉಪನಿಷತ್ತನ್ನು ವಿದ್ವಾಂಸರು ಸುಮಾರು ಕ್ರಿ. ಪೂ. ಏಳು–ಆರನೆಯ ಶತಮಾನಗಳಲ್ಲಿಡುತ್ತಾರೆ, ವಿಚಾರವನ್ನು ಅಲ್ಲಿಂದ ಆರಂಭಿಸೋಣ ಎನ್ನಬೇಕು. ಗಾರ್ಗಿಗೆ ಜನಕನ ಸಭೆಯಲ್ಲಿ ಎರಡನೆಯ ಸಲ ಎದ್ದು ಕೇಳುವ ಅವಕಾಶವಿತ್ತು. ನಮ್ಮ ತರಗತಿಗಳಲ್ಲಿ ಅಷ್ಟಾದರೂ ಇರಬೇಡವೆ?