ಆರೋಗ್ಯಾಧಿಕಾರಿಯ ವಾರ್ಷಿಕ ವರದಿ: ಒಂದು ಆಕರ ವಿಮರ್ಶೆ

ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ ಆರೋಗ್ಯಾಧಿಕಾರಿಗಳು ವರ್ಷವರ್ಷವೂ ಪ್ರಕಟಿಸುತ್ತಿದ್ದ ವರದಿಗಳು ಸಾಮಾಜಿಕ ಚರಿತ್ರೆಯ ಅಭ್ಯಾಸಿಗೆ ದೊರೆತಿರುವ ಸಮೃದ್ಧ ಆಕರಗಳಲ್ಲೊಂದು. ೧೮೭೨ರ ಕಾಯಿದೆಯಿಂದ ಲಂಡನ್ನಿನ ಹೊರಗೂ ಕಡ್ಡಾಯವಾದ ಈ ಹುದ್ದೆ ೧೯೭೪ರವರೆಗೆ ಬಾಳಿತು. ಮೂವತ್ತರ ದಶಕದ ವರದಿಗಳ ಆಶಾವಾದವು ಬಡವರ ಅಪೌಷ್ಟಿಕತೆಯನ್ನು ಮರೆಮಾಡಿತೆಂದು ಚಾರ್ಲ್ಸ್ ವೆಬ್‌ಸ್ಟರ್ ೧೯೮೨ರಲ್ಲಿ ವಾದಿಸಿದರು. ಈ ಸಂಶಯವು ಯುದ್ಧೋತ್ತರ ವರದಿಗಳಿಗೂ ಸಲ್ಲುವುದೆ, ಸಲ್ಲುವುದಾದರೆ ಯಾವ ಮಟ್ಟಿಗೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

೧೯೪೮ರ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದಾಗ ಪೌರಸಭೆಗಳ ಆಸ್ಪತ್ರೆಗಳು ಆರೋಗ್ಯಾಧಿಕಾರಿಯ ಕೈತಪ್ಪಿದುವು. ಜೇನ್ ಲೂಯಿಸ್ ತಮ್ಮ ೧೯೮೬ರ ಗ್ರಂಥದಲ್ಲಿ ಸಾರ್ವಜನಿಕ ಆರೋಗ್ಯದ ವೈದ್ಯರು ತಮ್ಮ ಗುರಿಯನ್ನೇ ಕಳೆದುಕೊಂಡರೆಂದು ಚಿತ್ರಿಸಿದ್ದಾರೆ. ವೈದ್ಯರ ಮಟ್ಟಿಗೆ ಇದು ಒಪ್ಪತಕ್ಕ ಮಾತೇ. ಆದರೆ ವೈದ್ಯರನ್ನಷ್ಟೇ ನೋಡಿದರೆ, ಮನೆ, ಮಾಂಸ, ಹೊಗೆಗಳನ್ನು ದಿನನಿತ್ಯ ಪರೀಕ್ಷಿಸುತ್ತಿದ್ದ ನೈರ್ಮಲ್ಯ ಪರೀಕ್ಷಕನು ಕಣ್ಮರೆಯಾಗುತ್ತಾನೆ. ೧೯೫೬ರಲ್ಲಿ ‘ಸಾರ್ವಜನಿಕ ಆರೋಗ್ಯ ಪರೀಕ್ಷಕ’ನೆಂಬ ಹೊಸ ಹೆಸರನ್ನು ಪಡೆದ ಈತನ ಕೋಷ್ಟಕಗಳೇ ನಮ್ಮ ವಿಚಾರಕ್ಕೆ ಮುಖ್ಯವಾದುವು.

ಮೊದಲು ವಸತಿಯ ವಿಷಯ. ೧೯೫೪ರ ಕಾಯಿದೆಯ ಮೇರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸ್ಥಳೀಯ ಸಂಸ್ಥೆಗಳು ತಮ್ಮಲ್ಲಿರುವ ವಾಸಯೋಗ್ಯವಲ್ಲದ ಮನೆಗಳ ಲೆಕ್ಕವನ್ನು ಒಪ್ಪಿಸಿದುವು. ೧೯೫೫ರಲ್ಲಿ ಬಂದ ಮೊತ್ತ ಸುಮಾರು ೮,೪೭,೦೦೦. ಲಿವರ್‌ಪೂಲ್ ಒಂದೇ ಸುಮಾರು ೮೮,೦೦೦ ಮನೆಗಳನ್ನು ತೋರಿಸಿತ್ತು. ಮುಂದಿನ ವರ್ಷಗಳಲ್ಲಿ ಹಲವು ಲಕ್ಷ ಮನೆಗಳನ್ನು ಕೆಡವಲಾಯಿತು. ಹೀಗಿದ್ದೂ, ೧೯೬೭ರಲ್ಲಿ ಮಾದರಿ ಸಮೀಕ್ಷೆ ನಡೆದಾಗ ಅಂತಹ ಮನೆಗಳು ಸುಮಾರು ೧೮ ಲಕ್ಷವೆಂದು ತಿಳಿದುಬಂತು! ಹನ್ನೆರಡು ವರ್ಷಗಳಲ್ಲಿ ಮನೆಗಳು ಹಳತಾದುವೆಂಬುದು ನಿಜ. ಆದರೆ ಇಷ್ಟು ಅಂತರಕ್ಕೆ ಅದೊಂದೇ ಕಾರಣವಾಗಲಾರದು. ತಾವು ಕೆಡವಿ, ನಿವಾಸಿಗಳಿಗೆ ಬೇರೆ ಮನೆ ಕೊಡಬಹುದಾದಷ್ಟನ್ನೇ ಅನೇಕ ಸಂಸ್ಥೆಗಳು ಲೆಕ್ಕಕ್ಕೆ ಹಿಡಿದಿದ್ದುವು. ಅವು ಅಳೆದದ್ದು ಬಾವಿಯ ಆಳವನ್ನಲ್ಲ, ತಮ್ಮ ಹಗ್ಗದ ಉದ್ದವನ್ನು.

ಜನಸಂದಣಿಯ ಕೋಷ್ಟಕದಲ್ಲಿ ದೋಷವಿರುವುದು ಕಾನೂನಿನಲ್ಲಿಯೇ. ೧೯೩೫ರ ಕಾಯಿದೆಯ ಅಳತೆಯಲ್ಲಿ ಒಂದು ವರ್ಷದೊಳಗಿನ ಕೂಸು ಲೆಕ್ಕಕ್ಕಿಲ್ಲ. ಹತ್ತು ವರ್ಷದೊಳಗಿನ ಮಗು ಅರ್ಧ ಆಳು. ಕುಳಿತುಕೊಳ್ಳುವ ಕೋಣೆಯೂ ಮಲಗುವ ಕೋಣೆಯೇ. ಇಂತಹ ಅಳತೆಗೆ ಸಿಕ್ಕದ ಕುಟುಂಬವು ಸುಖವಾಗಿತ್ತೆಂದು ಹೇಳಲಾದೀತೆ?

ಆಹಾರದ ಕೋಷ್ಟಕಗಳದು ಇದಕ್ಕೆ ವಿರುದ್ಧವಾದ ತೊಡಕು. ವಿಷಾಹಾರದ ಪ್ರಕರಣಗಳನ್ನು ವೈದ್ಯರು ತಿಳಿಸಬೇಕೆಂಬ ನಿಯಮ ೧೯೩೮ರ ಕಾಯಿದೆಯದು. ಯುದ್ಧಕಾಲದಲ್ಲಿ ಹುಟ್ಟಿದ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯಗಳು ಅನಂತರ ಶಾಶ್ವತವಾದುವು. ಹುಡುಕುವ ಸಾಧನ ಹೆಚ್ಚಿದಂತೆ ಕಂಡುಬರುವ ಪ್ರಕರಣಗಳೂ ಹೆಚ್ಚುತ್ತವೆ. ಆದುದರಿಂದ ಏರಿದ ಅಂಕಿಯನ್ನು ಕಂಡೊಡನೆ ಅಡಿಗೆಮನೆಗಳು ಕೆಟ್ಟುವೆಂದು ನಿರ್ಣಯಿಸುವುದು ದುಡುಕಾಗುತ್ತದೆ. ತಿರಸ್ಕೃತವಾದ ಮಾಂಸದ ಲೆಕ್ಕ ಇದಕ್ಕಿಂತ ಗಟ್ಟಿ: ಪರೀಕ್ಷಕನು ಅದನ್ನು ಕಣ್ಣಾರೆ ಕಂಡು ತಳ್ಳಿಹಾಕಿದ್ದಾನೆ. ಆದರೆ ವಧಿಸಿದ ಪ್ರತಿಯೊಂದು ಪ್ರಾಣಿಯ ಮಾಂಸವನ್ನೂ ಪರೀಕ್ಷಿಸಲೇಬೇಕೆಂಬ ಕಟ್ಟುಪಾಡು ಬಂದದ್ದು ೧೯೬೩ರ ನಿಯಮಗಳಿಂದ. ಅದಕ್ಕೆ ಮುಂಚಿನ ಅಂಕಿಯನ್ನು ಓದುವಾಗ ಎಷ್ಟರಲ್ಲಿ ಎಷ್ಟು ಎಂದು ಕೇಳಲೇಬೇಕು.

ಈ ಪರಿಶೀಲನೆಯಿಂದ ಒಂದು ವಿವೇಚನೆ ಸಿದ್ಧಿಸುತ್ತದೆ. ಅಧಿಕಾರಿಯು ಮಾಡಿದ ಕೆಲಸದ ಲೆಕ್ಕ ಬೇರೆ, ಜನರು ಬದುಕಿದ ಸ್ಥಿತಿಯ ಲೆಕ್ಕ ಬೇರೆ. ಭೇಟಿ, ನೋಟೀಸು, ಜಪ್ತಿಗಳನ್ನು ಹೇಳುವಾಗ ವರದಿಯನ್ನು ಬಹುಮಟ್ಟಿಗೆ ನಂಬಬಹುದು. ಪಟ್ಟಣದ ಸ್ಥಿತಿಯನ್ನು ಹೇಳುವಾಗ ಅದು ಯಾವ ಕಾಯಿದೆಯ ಕಣ್ಣಿನಿಂದ, ಎಷ್ಟು ಜನ ನೌಕರರ ಬಲದಿಂದ ನೋಡಿತೆಂದು ವಿಚಾರಿಸಬೇಕು. ವೆಬ್‌ಸ್ಟರರ ಸಂಶಯ ಯುದ್ಧೋತ್ತರ ವರದಿಗಳಿಗೆ ಸಲ್ಲುವುದು ಈ ಎರಡನೆಯ ಲೆಕ್ಕದ ಮಟ್ಟಿಗೆ. ಇದರಲ್ಲಿ ಪರೀಕ್ಷಕರ ಪ್ರಾಮಾಣಿಕತೆಯನ್ನು ಶಂಕಿಸುವ ಪ್ರಮೇಯವಿಲ್ಲ. ಆದರೆ ೧೯೫೫ರ ಪಟ್ಟಿಗೆ ಸೇರದ ಒದ್ದೆಗೋಡೆಯ ಮನೆಯಲ್ಲಿದ್ದವರು ಆ ಯೋಜನೆಯಲ್ಲಿ ಹೊಸ ಮನೆಯನ್ನು ಪಡೆಯುವ ಸಾಲಿಗೂ ಸೇರಲಿಲ್ಲ. ಚರಿತ್ರಕಾರನೂ ಆ ಪಟ್ಟಿಯನ್ನೇ ಪ್ರಮಾಣವೆಂದು ಹಿಡಿದರೆ ಅವರು ಎರಡನೆಯ ಸಲ ಲೆಕ್ಕದಿಂದ ಹೊರಗುಳಿಯುತ್ತಾರೆ.